ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುತ್ತಿಲ್ಲ. ಪಂಪ್ ಬದಲಿಸಲೇಬೇಕೇ?

ಬಾಳೂರು ಬೆಳೆಗಾರ

ನಮ್ಮ ತೋಟ ಕೊಟ್ಟಿಗೆಹಾರದಿಂದ ಬಾಳೂರು ಕಡೆಗೆ ಹೋಗುವಾಗ ಸಿಗುತ್ತದೆ. ಗಾಡಿ 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್. ಪುನರ್ವಸು ಮಳೆ ಹಿಡಿದ ಮೇಲೆ ಹೊರಗೆ ತೆಗೆಯದೆ ಶೆಡ್ಡಿನಲ್ಲೇ ನಿಂತಿತ್ತು. ನಿನ್ನೆ ಅಮ್ಮನ ಕಣ್ಣು ತೋರಿಸಲು ಮೂಡಿಗೆರೆಗೆ ಹೊರಟು ಕೀಲಿ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಒಂದು ಸಲ ಕೆಮ್ಮಿದ್ದೂ ಇಲ್ಲ. ಹೆಡ್‌ಲೈಟ್ ಬೆಳಕು ಮಂಕಾಗಿಲ್ಲ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದೆ.

ಪೇಟೆಯ ಗ್ಯಾರೇಜಿಗೆ ಫೋನ್ ಮಾಡಿದೆ. ನಾನು ಎರಡು ಮಾತು ಹೇಳುವಷ್ಟರಲ್ಲಿ, "ಟ್ಯಾಂಕಿನೊಳಗಿನ ಪಂಪ್ ಹೋಗಿದೆ, ತರಿಸುತ್ತೇನೆ, ಗಾಡಿ ಎಳೆಸಿಕೊಂಡು ಬನ್ನಿ" ಎಂದರು. ನಮ್ಮ ತೋಟದ ರಸ್ತೆಯ ಕೆಸರಿನಲ್ಲಿ ಗಾಡಿ ಎಳೆಸುವುದೆಂದರೆ ಟ್ರ್ಯಾಕ್ಟರ್ ಬೇಕು, ಆಳು ಬೇಕು, ಮಳೆ ಬಿಡಬೇಕು. ಅಷ್ಟೆಲ್ಲ ಮಾಡುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದೇ? ನೀರೆತ್ತುವ ಮೋಟಾರಿನ ರಿಪೇರಿಗೆಂದು ಇಟ್ಟುಕೊಂಡ ಮಲ್ಟಿಮೀಟರ್ ಇದೆ, ಸ್ಪ್ಯಾನರ್ ಸೆಟ್ ಇದೆ.

ಬೇಲೂರು ರೈಡರ್

ಇಳಿಜಾರಿಗೆ ದಬ್ಬಿಸಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಿ. ನಮ್ಮ ಗಾಡಿ ಹಾಗೆಯೇ ಸ್ಟಾರ್ಟ್ ಆಗುತ್ತಿತ್ತು.

ಹಾಸನದ ಡಿಪೋ ಮೆಕ್ಯಾನಿಕ್ (ನಿವೃತ್ತ)

ದಬ್ಬುವುದು ಬ್ಯಾಟರಿ ಇಳಿದು ಸೆಲ್ಫ್ ತಿರುಗದಿದ್ದಾಗ. ಸೆಲ್ಫ್ ತಿರುಗುತ್ತಿರುವ ಗಾಡಿಯನ್ನು ದಬ್ಬಿದರೆ ಸೆಲ್ಫ್ ಮಾಡುವ ಕೆಲಸವನ್ನೇ ನಾಲ್ಕು ಆಳುಗಳು ಮಾಡಿದಂತಾಯಿತು, ಅಷ್ಟೇ. ಅದೂ ಈ ಕೆಸರಿನಲ್ಲಿ. ಬೇಡ.

ಬೆಳೆಗಾರರೇ, ಮೊದಲ ಪ್ರಶ್ನೆ: ಗಾಡಿ ನಿಲ್ಲಿಸುವ ಮುಂಚೆ ಹಳ್ಳದ ನೀರಿನಲ್ಲಿ ದಾಟಿಸಿದ್ದಿರಾ? ದಾಟಿಸಿದ್ದರೆ ಇನ್ನು ಕೀಲಿ ಮುಟ್ಟಬೇಡಿ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ ಮೇಲೆಯೇ ಮುಂದಿನ ಮಾತು.

ನೀರು ದಾಟಿಸಿಲ್ಲ ಎಂದಾದರೆ ಇಷ್ಟು ನೋಡಿ ಬರೆಯಿರಿ. ರೇಡಿಯೋ, ಫ್ಯಾನ್ ಎಲ್ಲ ಆರಿಸಿ ಕೀಲಿಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಎಂದು ಸದ್ದು ಬಂದು ನಿಲ್ಲುತ್ತದೆಯೇ? ಆಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ? ಸೆಲ್ಫಿನ ಸದ್ದು ಎಂದಿನಂತೆ ತಡೆತಡೆದು ಬರುತ್ತದೆಯೇ, ಭಾರವೇ ಇಲ್ಲದಂತೆ ಸರ್ರನೆ ಹೋಗುತ್ತದೆಯೇ? ಸರ್ರನೆ ಹೋದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ತುಂಡಾದ ಕಥೆ, ಅದು ಮನೆಯಲ್ಲಿ ಮುಗಿಯುವುದಲ್ಲ. ಕೊನೆಗೆ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ, ಒದ್ದೆಯೋ ಒಣವೋ ಹೇಳಿ.

ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಮಧ್ಯೆ ಒಂದು ನಿಮಿಷ ಬಿಡಿ. ಮೋಟಾರ್ ಸುಟ್ಟರೆ ಇಲ್ಲದ ಇನ್ನೊಂದು ಖರ್ಚು.

ಚಿಕ್ಕಮಗಳೂರಿನ ಮೇಷ್ಟ್ರು

ಕೀಲಿಯ ಚಿಪ್ ಕೂಡ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿಹ್ನೆ ಮಿನುಗುತ್ತಿದ್ದರೆ ಇಮೊಬಿಲೈಸರ್ ಎಂಜಿನ್ ಹಿಡಿಯಲು ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಮಗ ಕೀಲಿಯನ್ನು ಪ್ಯಾಂಟಿನ ಜೇಬಿನಲ್ಲೇ ಬಿಟ್ಟು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿದ್ದ, ಹೀಗೆಯೇ ಆಗಿತ್ತು. ಎರಡನೆಯ ಕೀಲಿಯಿಂದ ಸ್ಟಾರ್ಟ್ ಆಯಿತು.

ಆಲೂರಿನವ

ಇದೆಲ್ಲ ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಹಿಮೆ. ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿಯ ಎಥೆನಾಲ್ ನೀರು ಹೀರಿ ತಳಕ್ಕೆ ಇಳಿದಿರುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ.

ಹಾಸನದ ಡಿಪೋ ಮೆಕ್ಯಾನಿಕ್ (ನಿವೃತ್ತ)

ಎಥೆನಾಲ್ ನೀರು ಹೀರುವುದು ನಿಜ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುವುದೂ ನಿಜ. ಆದರೆ ಪೈಪು, ಫಿಲ್ಟರ್, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ತನಕ ಹಳೆಯ ಒಳ್ಳೆಯ ಪೆಟ್ರೋಲ್ ಇನ್ನೂ ಉಳಿದಿರುತ್ತದೆ, ಗಾಡಿ ಹಿಡಿದು, ತಡವರಿಸಿ, ಆಮೇಲೆ ನಿಲ್ಲಬೇಕು. ಇವರ ಗಾಡಿ ಕೆಮ್ಮಿಯೇ ಇಲ್ಲ. ಬೆಳೆಗಾರರ ಉತ್ತರ ಬರಲಿ.

ಬಾಳೂರು ಬೆಳೆಗಾರ

ಎಲ್ಲರಿಗೂ ಧನ್ಯವಾದ. ಹಳ್ಳ ದಾಟಿಸಿಲ್ಲ. ಕೀಲಿಯ ಚಿಹ್ನೆ ಎಂದಿನಂತೆ ಬಂದು ಆರುತ್ತದೆ, ಮಿನುಗುವುದಿಲ್ಲ. ಆನ್ ಮಾಡಿದ ಕೂಡಲೇ ಹಿಂದಿನಿಂದ ಗುಂಯ್ ಸದ್ದು ಬರುತ್ತದೆ, ಹಾಗಾದರೆ ಪಂಪ್ ಸತ್ತಿಲ್ಲವೇ ಸರ್? ಸೆಲ್ಫಿನ ಸದ್ದು ಎಂದಿನದೇ. ಆರ್‌ಪಿಎಂ ಮುಳ್ಳು ಸೊನ್ನೆಯಲ್ಲಿ ಮಲಗಿದೆ, ಅಲುಗುವುದೂ ಇಲ್ಲ. ಪ್ಲಗ್ ಒಣಗಿದೆ, ಪೆಟ್ರೋಲಿನ ವಾಸನೆಯೇ ಇಲ್ಲ. ಬ್ಯಾಟರಿ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.6.

ಹಾಸನದ ಡಿಪೋ ಮೆಕ್ಯಾನಿಕ್ (ನಿವೃತ್ತ)

ಬ್ಯಾಟರಿಯನ್ನು ಮರೆತುಬಿಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಚಿಂತೆ.

ಮುಳ್ಳು ಏಳದಿರುವುದೇ ಇಲ್ಲಿ ದೊಡ್ಡ ಸುಳಿವು. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಹಲವು ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟು 58 ಹಲ್ಲು ಕೊರೆದಿರುತ್ತಾರೆ. ಅದರ ಎದುರು ಕುಳಿತ ಸೆನ್ಸರ್ ಹಲ್ಲುಗಳನ್ನು ಎಣಿಸಿ, ಆ ಖಾಲಿ ಜಾಗವನ್ನು ಗುರುತಿಟ್ಟುಕೊಂಡು, ಪಿಸ್ಟನ್ ಎಲ್ಲಿದೆ ಎಂದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಹೇಳುತ್ತದೆ. ಆ ಸುದ್ದಿ ಬರದಿದ್ದರೆ ಇಸಿಯು ಪಾಲಿಗೆ ಎಂಜಿನ್ ತಿರುಗುತ್ತಲೇ ಇಲ್ಲ. ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಚಿಮ್ಮಿಸುವುದಿಲ್ಲ. ಒಣ ಪ್ಲಗ್ ಅದಕ್ಕೇ.

ಗ್ಯಾರೇಜಿನವರು ಪಂಪ್ ಎಂದು ಏಕೆ ಹೇಳುತ್ತಾರೆ ಗೊತ್ತೇ? ಎರಡು ಸೆಕೆಂಡ್ ಓಡಿದ ಪಂಪನ್ನು ಇಸಿಯು ನಿಲ್ಲಿಸುತ್ತದೆ, ಎಂಜಿನ್ ತಿರುಗುವ ಸುದ್ದಿ ಬಂದರೆ ಮಾತ್ರ ಮತ್ತೆ ಓಡಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ಸುರಿಯಬಾರದಲ್ಲ, ಅದಕ್ಕೆ ಈ ವ್ಯವಸ್ಥೆ. ಸೆನ್ಸರ್ ಸುದ್ದಿ ನಿಂತಾಗ ಸೆಲ್ಫ್ ಹೊಡೆಯುತ್ತಾ ಪಂಪಿನ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದವನಿಗೆ ಕರೆಂಟ್ ಕಾಣುವುದಿಲ್ಲ. ಪಂಪ್ ಲೈನೇ ಸತ್ತಿದೆ ಎಂದುಕೊಂಡು ಬಿಚ್ಚಲು ಶುರು ಮಾಡುತ್ತಾನೆ. ಊಹೆಯ ಮೇಲೆ ಬಿಡಿಭಾಗ ಬದಲಿಸುವ ಈ ಅಭ್ಯಾಸ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮವರು ಲ್ಯಾಂಪನ್ನೂ ಹಿಡಿದಿಲ್ಲ, ಫೋನಿನಲ್ಲೇ ತೀರ್ಪು ಕೊಟ್ಟಿದ್ದಾರೆ.

ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಎಲ್ಲ ಸರಿಯಿದ್ದರೂ ಸೆಲ್ಫ್ ಹೊಡೆಯುವಾಗ ಮುಳ್ಳು ಏಳುವುದಿಲ್ಲ. ಸ್ಟೀರಿಂಗಿನ ಕೆಳಗೆ ಗಾಡಿಯ ದೋಷ ಓದಲು ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಒಬಿಡಿ ಸಾಕೆಟ್ ಇದ್ದು ಯಾರ ಬಳಿಯಾದರೂ ಸ್ಕ್ಯಾನರ್ ಸಿಕ್ಕರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಓದಿ. ಪಿ0335 ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರಿನ ಲೈನ್ ಎಂದೇ ಅರ್ಥ. ಆಗಲೂ ಸೆನ್ಸರ್ ಕೊಳ್ಳಲು ಓಡಬೇಡಿ. ಕೋಡ್ ಹೇಳುವುದು ಲೈನಿನ ವಿಷಯ, ಅದರಲ್ಲಿ ಸೆನ್ಸರ್, ಕನೆಕ್ಟರ್, ತಂತಿ ಎಲ್ಲವೂ ಬಂತು. ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಜಾಗದಲ್ಲೋ ಮುಂದಿನ ಪುಲ್ಲಿಯ ಹತ್ತಿರವೋ ಸೆನ್ಸರ್ ಇರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಟಾರ್ಚ್ ಹಿಡಿದು ತಂತಿಯನ್ನು ಕೊನೆಯ ತನಕ ಬೆರಳಿನಲ್ಲಿ ತಡವಿ. ಎರಡು ತಂತಿಯ ಸೆನ್ಸರ್ ಆದರೆ ಮೀಟರಿನಲ್ಲಿ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸು ತೋರಿಸುತ್ತದೆ. ಮೂರು ತಂತಿಯದಾದರೆ ಓಮ್ ಅಳೆಯಬೇಡಿ, ಅದರ ಜಾತಿ ಬೇರೆ.

ಬಾಳೂರು ಬೆಳೆಗಾರ

ಸರ್, ಸಿಕ್ಕಿತು. ಸ್ಕ್ಯಾನರ್ ಬೇಕಾಗಲೇ ಇಲ್ಲ. ಏರ್ ಫಿಲ್ಟರ್ ಡಬ್ಬ ತೆಗೆದರೆ ಗೇರ್‌ಬಾಕ್ಸಿನ ಮೇಲೆ ಅರ್ಧ ತಿಂದ ಹಲಸಿನ ಬೀಜಗಳು, ಒಣಹುಲ್ಲು, ಇಲಿ ಹಿಕ್ಕೆ. ಸೆನ್ಸರಿನಿಂದ ಹೊರಟ ತಂತಿಯ ಕಪ್ಪು ಕವಚ ಅರ್ಧ ಗೇಣಿನಷ್ಟು ಇಲ್ಲವೇ ಇಲ್ಲ. ಒಳಗಿನ ಎರಡರಲ್ಲಿ ಒಂದು ಪೂರ್ತಿ ತುಂಡಾಗಿದೆ, ತುದಿಯಲ್ಲಿ ತಾಮ್ರ ಹಸಿರುಗಟ್ಟಿದೆ. ಇನ್ನೊಂದರಲ್ಲಿ ಎರಡು ಮೂರು ಎಳೆ ಉಳಿದಿವೆ. ಸುತ್ತಲೂ ಬೆಳ್ಳಿ ಹಾಳೆಯಂಥ ಏನೋ ಹರಿದು ನಿಂತಿದೆ. ಸೆನ್ಸರ್ ಪಿನ್ನುಗಳಲ್ಲಿ 870 ಓಮ್. ತಿರುಚಿ ಟೇಪ್ ಸುತ್ತಿದರೆ ಸಾಕೇ?

ಹಾಸನದ ಡಿಪೋ ಮೆಕ್ಯಾನಿಕ್ (ನಿವೃತ್ತ)

ಸೆನ್ಸರ್ ಬದುಕಿದೆ. ಟೇಪ್ ಮಾತ್ರ ಸಾಲದು, ನಿಮ್ಮೂರಿನ ತೇವಕ್ಕೆ ಹದಿನೈದು ದಿನ ನಿಲ್ಲುವುದಿಲ್ಲ. ಹಸಿರುಗಟ್ಟಿದಷ್ಟನ್ನೂ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ. ನಡುವೆ ಅದೇ ದಪ್ಪದ ತುಂಡು ತಂತಿ ಸೇರಿಸಿ, ಬೆಸುಗೆ ಹಾಕಿ, ಒಂದೊಂದಕ್ಕೂ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ಎರಡು ತಂತಿ ಅದಲುಬದಲಾಗಬಾರದು, ಸಿಗ್ನಲ್ ತಲೆಕೆಳಗಾಗುತ್ತದೆ. ಆ ಬೆಳ್ಳಿ ಹಾಳೆ ಶೀಲ್ಡ್, ಕಿತ್ತೆಸೆಯಬೇಡಿ. ಕಿಡಿ ಹುಟ್ಟಿಸುವ ಕಾಯಿಲಿನ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಸೇರದಂತೆ ಅದು ತಡೆಯುತ್ತದೆ. ಹರಿದ ಎರಡು ತುದಿಗಳನ್ನು ಒಂದಕ್ಕೊಂದು ತಾಗುವಂತೆ ಸುತ್ತಿ, ಒಳಗಿನ ತಂತಿಗೆ ತಾಗದಂತೆ ನೋಡಿಕೊಳ್ಳಿ.

ಉಳಿದ ತಂತಿಗಳನ್ನೂ ನೋಡಿ, ಮುಖ್ಯವಾಗಿ ಇಂಜೆಕ್ಟರಿನವು ಮತ್ತು ಪೆಟ್ರೋಲಿನ ರಬ್ಬರ್ ಪೈಪು. ಇಲಿ ಒಂದನ್ನೇ ಕಡಿದು ತೃಪ್ತಿಪಡುವ ಪ್ರಾಣಿಯಲ್ಲ.

ಬಾಳೂರು ಬೆಳೆಗಾರ

ಬೆಸುಗೆ ಹಾಕಿದ ಮೇಲೆ ಮೊದಲ ಸೆಲ್ಫಿಗೇ ಹಿಡಿಯಿತು. ಪೆಟ್ರೋಲ್ ಪೈಪಿನ ಮೇಲೆ ಹಲ್ಲಿನ ಗುರುತಿದೆ, ತೂತಾಗಿಲ್ಲ, ಆದರೂ ಬದಲಿಸುತ್ತೇನೆ. ಪಂಪ್ ತರಿಸಬೇಡಿ ಎಂದು ಗ್ಯಾರೇಜಿಗೆ ಹೇಳಿದ್ದಾಯಿತು. ಇಲಿಗೆ ಏನು ಮಾಡುತ್ತೀರಿ ಎಲ್ಲರೂ? ನುಸಿಗುಳಿಗೆ ಕಟ್ಟಿದರೆ ಕ್ಯಾಬಿನ್ನಿನೊಳಗೆಲ್ಲ ಅದೇ ವಾಸನೆ, ಅಮ್ಮನಿಗೆ ತಲೆನೋವು.

ಚಿಕ್ಕಮಗಳೂರಿನ ಮೇಷ್ಟ್ರು

ಹಲಸಿನ ಬೀಜದ ಚೀಲವನ್ನು ಮೊದಲು ಶೆಡ್ಡಿನಿಂದ ಸಾಗಿಸಿ ಸ್ವಾಮಿ. ರಾತ್ರಿ ಬಾನೆಟ್ ಎತ್ತಿ ಇಟ್ಟು ಒಂದು ಬಲ್ಬ್ ಉರಿಸಿ. ಬೆಳಕಿರುವಲ್ಲಿ ಅವು ಗೂಡು ಕಟ್ಟುವುದು ಕಡಿಮೆ.