ಅರ್ಧಕ್ಕೆ ನಿಂತುಹೋದ ಆ್ಯಂಟಿವೈರಸ್: ಫಾರ್ಮ್ಯಾಟ್ ಮಾಡದೆ ಪೂರ್ತಿಯಾಗಿ ತೆಗೆಯಲು ಸಾಧ್ಯವೇ?

ಪ್ರಶ್ನೆ: ಮೂಡಿಗೆರೆಯ ತೋಟದ ರೈಟರು

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದೇನೆ. ಆಳುಗಳ ಹಾಜರಿ, ವಾರದ ಬಟವಾಡೆ, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಮೂಟೆಗಳ ಲೆಕ್ಕ, ಎಲ್ಲವೂ ಕಚೇರಿಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿವೆ. ವಿಂಡೋಸ್ 11 ಇರುವ ಆ ಯಂತ್ರದ ಜೊತೆಗೇ ಬಂದಿದ್ದ ಆ್ಯಂಟಿವೈರಸ್‌ನ ಅವಧಿ ಮುಗಿದು ಬಹಳ ದಿನಗಳಾಗಿದ್ದವು. ಅದನ್ನು ಅನ್‌ಇನ್‌ಸ್ಟಾಲ್ ಮಾಡುತ್ತಿದ್ದಾಗ ಮಳೆಗೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಕೆಲಸ ಮುಗಿಯುವ ಮೊದಲೇ ಯಂತ್ರ ಆಫ್ ಆಯಿತು.

ಈಗ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಎರಡು ಸರ್ವಿಸ್‌ಗಳು ಕಾಣುತ್ತಿವೆ. ನಿಲ್ಲಿಸಲು ಹೋದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆದರೂ ಅದರ ಫೋಲ್ಡರ್ ಅಳಿಸಲಾಗುತ್ತಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಕೂಡ ಆನ್ ಆಗುತ್ತಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಹಳೆಯ ಆ್ಯಂಟಿವೈರಸ್ ಇನ್ನೂ ಕಾವಲಿಗಿದೆ.

ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಫಾರ್ಮ್ಯಾಟ್ ಒಂದೇ ದಾರಿ ಎಂದರು. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿದೆ. ಆದರೆ ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್, ನುಡಿ ತಂತ್ರಾಂಶ ಇವೆಲ್ಲವನ್ನೂ ಹೊಸದಾಗಿ ಹೊಂದಿಸಿಕೊಂಡು ಶನಿವಾರದ ಬಟವಾಡೆಗೆ ಪಟ್ಟಿ ತೆಗೆಯುವುದು ನನ್ನೊಬ್ಬನಿಂದ ಆಗದು. ಇನ್ನೊಂದು ವಿಷಯ: ಬೋನಸ್ ಲೆಕ್ಕದ ಹಳೆಯ ಎಕ್ಸೆಲ್ ಫೈಲೊಂದನ್ನು ಈ ಆ್ಯಂಟಿವೈರಸ್ ವೈರಸ್ಸೆಂದು ಭಾವಿಸಿ ಕ್ವಾರಂಟೈನ್‌ಗೆ ಹಾಕಿತ್ತು. ಅದನ್ನು ಮರಳಿ ಪಡೆಯಬಹುದೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹಾಸನದ ಲ್ಯಾಬ್ ಸಹಾಯಕ

ರೈಟರೇ, ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಫಾರ್ಮ್ಯಾಟ್ ಮಾಡಬೇಕಾಗಿ ಬರಲಾರದು. ನಾನು ಹಾಸನದ ಕಾಲೇಜೊಂದರಲ್ಲಿ ಲ್ಯಾಬ್‌ನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಇಂಥ ಅರ್ಧಂಬರ್ಧ ಸ್ಥಿತಿಯನ್ನು ಹಲವು ಬಾರಿ ಸರಿಪಡಿಸಿದ್ದೇನೆ.

ಈ ತಂತ್ರಾಂಶ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಯಂತ್ರದೊಳಗೆ ಹೊಕ್ಕ ವೈರಸ್ಸು ಮೊದಲು ಆ್ಯಂಟಿವೈರಸ್‌ನ ಬಾಯಿ ಮುಚ್ಚಿಸಲು ನೋಡುತ್ತದೆ. ಅದನ್ನು ತಡೆಯಲೆಂದೇ ಮೈಕ್ರೋಸಾಫ್ಟ್ 2013ರ ವಿಂಡೋಸ್ 8.1ರಿಂದ ಇಂಥ ಸರ್ವಿಸ್‌ಗಳಿಗೆ ರಕ್ಷಿತ ಸ್ಥಾನವನ್ನು ಕೊಟ್ಟಿತು. ಅಂದಿನಿಂದ ಅಡ್ಮಿನಿಸ್ಟ್ರೇಟರ್ ಕೂಡ ಟಾಸ್ಕ್ ಮ್ಯಾನೇಜರ್‌ನಿಂದ ಅವನ್ನು ನಿಲ್ಲಿಸಲಾರ. ಇದರ ಜೊತೆಗೆ ವಿಂಡೋಸ್‌ನ ತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ, ಓಡುವ ಡ್ರೈವರ್ ಒಂದು ತನ್ನ ಫೋಲ್ಡರನ್ನೂ ರಿಜಿಸ್ಟ್ರಿಯಲ್ಲಿರುವ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ತನ್ನ ನಮೂದುಗಳನ್ನೂ ಕಾಯುತ್ತಿರುತ್ತದೆ. ನೀವು ಫೋಲ್ಡರ್ ಅಳಿಸಲು ಹೋದಾಗ ಅಡ್ಡ ಬಂದದ್ದು ಬಹುಮಟ್ಟಿಗೆ ಅದೇ.

ಆದ್ದರಿಂದ ದಯವಿಟ್ಟು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೋ ಬೇರಾವುದೋ ಉಪಾಯದಿಂದಲೋ ಅದರ ಡ್ರೈವರ್ ಫೈಲನ್ನು ಕೈಯಿಂದ ಅಳಿಸಬೇಡಿ. ಕೆಲವು ಆ್ಯಂಟಿವೈರಸ್‌ಗಳು ಡಿಸ್ಕ್, ಕೀಬೋರ್ಡ್ ಮೊದಲಾದ ಸಾಧನಗಳ ನಮೂದಿನಲ್ಲಿ ತಮ್ಮ ಡ್ರೈವರ್‌ನ ಹೆಸರನ್ನೂ ಸೇರಿಸಿರುತ್ತವೆ. ಫೈಲು ಹೋಗಿ ಹೆಸರು ಉಳಿದರೆ, ವಿಂಡೋಸ್ ಇಲ್ಲದ ಡ್ರೈವರನ್ನು ಹುಡುಕಿ ಆ ಸಾಧನವನ್ನೇ ಆರಂಭಿಸದೆ ಬಿಡುತ್ತದೆ. ಕೀಬೋರ್ಡ್ ಆದರೆ ಪಾಸ್‌ವರ್ಡ್ ಹೊಡೆಯಲಾಗದು, ಡಿಸ್ಕ್ ಆದರೆ ಯಂತ್ರ ನೀಲಿ ಪರದೆಯಲ್ಲೇ ನಿಲ್ಲುತ್ತದೆ. ಫಾರ್ಮ್ಯಾಟ್ ಬೇಕಿಲ್ಲದ ಯಂತ್ರಗಳು ಹೀಗೆ ಕೈಯಾರೆ ಕೆಟ್ಟು ಫಾರ್ಮ್ಯಾಟ್‌ಗೆ ಬಂದದ್ದನ್ನು ನೋಡಿದ್ದೇನೆ.

ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು: ಅದೇ ಕಂಪನಿಯ ಜಾಲತಾಣದಿಂದ ಅದೇ ಆ್ಯಂಟಿವೈರಸ್ ಅನ್ನು ಇಳಿಸಿಕೊಂಡು, ಇರುವುದರ ಮೇಲೆಯೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ಹಾಗೆ ಮಾಡಿದಾಗ ಕಳೆದುಹೋದ ಫೈಲುಗಳೂ ಅನ್‌ಇನ್‌ಸ್ಟಾಲರ್ರೂ ತಮ್ಮ ಜಾಗಕ್ಕೆ ಮರಳುತ್ತವೆ. ಕ್ವಾರಂಟೈನ್‌ನಲ್ಲಿರುವ ಫೈಲುಗಳನ್ನು ಸಾಮಾನ್ಯವಾಗಿ ಗೂಢಲಿಪಿಯಲ್ಲಿ ಇಟ್ಟಿರುವುದರಿಂದ ಅವನ್ನು ತೆರೆಯಲು ಆ ತಂತ್ರಾಂಶವೇ ಬೇಕು. ನಿಮ್ಮ ಬೋನಸ್ ಫೈಲ್ ಉಳಿದಿದ್ದರೆ ಅದನ್ನು ಹೊರತೆಗೆಯಲು ಇದೊಂದೇ ಅವಕಾಶ, ಪೂರ್ತಿ ತೆಗೆದ ಮೇಲೆ ಅದು ಸಿಗುವುದಿಲ್ಲ. ಬಳಿಕ ಅದರ ಸೆಟ್ಟಿಂಗ್ಸ್‌ನಲ್ಲಿ ಸ್ವಯಂ ರಕ್ಷಣೆಯ ಆಯ್ಕೆಯನ್ನು ಆಫ್ ಮಾಡಿ, ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಕೊನೆಗೆ ಅದೇ ಕಂಪನಿ ಕೊಡುವ ತೆಗೆಯುವ ಸಾಧನವನ್ನು ಓಡಿಸಿ. ಅವಾಸ್ಟ್, ಮ್ಯಾಕಫೀ, ಈಸೆಟ್, ನಾರ್ಟನ್ ಮೊದಲಾದ ಕಂಪನಿಗಳೆಲ್ಲ ಇಂಥದೊಂದು ಸಾಧನವನ್ನು ಉಚಿತವಾಗಿ ಕೊಡುತ್ತವೆ. ಸಾಮಾನ್ಯವಾಗಿ ಒಂದು ಕಂಪನಿಯದು ಇನ್ನೊಂದಕ್ಕೆ ನಡೆಯುವುದಿಲ್ಲ. ಯುಪಿಎಸ್‌ಗೆ ಬ್ಯಾಟರಿ ಹಾಕಿಸಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಉತ್ತರ: ಸಕಲೇಶಪುರದಿಂದ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಸೇಫ್ ಮೋಡ್ ಬಗ್ಗೆ, ಅಂದರೆ ತೀರಾ ಅಗತ್ಯವಾದ ಡ್ರೈವರ್‌ಗಳಿಂದಷ್ಟೇ ವಿಂಡೋಸ್ ಆರಂಭವಾಗುವ ಸ್ಥಿತಿಯ ಬಗ್ಗೆ, ಮಾತ್ರ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಅವಾಸ್ಟ್ ಮತ್ತು ಈಸೆಟ್‌ನಂಥವರು ತಮ್ಮ ಸಾಧನವನ್ನು ಅಲ್ಲಿಯೇ ಓಡಿಸಲು ಹೇಳುತ್ತಾರೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ 4ನೇ ಸಂಖ್ಯೆಯನ್ನು ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಲಾಕ್ ಆಗಿದ್ದರೆ ಈ ಹಂತದಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಹೊಂದಿಸಿದ ವಿಂಡೋಸ್ 11 ಯಂತ್ರಗಳಲ್ಲಿ ಮಾಲೀಕರಿಗೆ ಅರಿವಿಲ್ಲದೆಯೇ ಈ ಲಾಕ್ ಬಿದ್ದಿರುವುದುಂಟು. ಆ ಕೀಯನ್ನು ಖಾತೆಯಿಂದ ಮೊದಲೇ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ಪಿನ್ ಬದಲು ಖಾತೆಯ ಪಾಸ್‌ವರ್ಡ್ ಬೇಕಾಗಬಹುದು, ಅದೂ ನೆನಪಿರಲಿ.

ಇನ್ನೊಂದು ತೊಡಕೆಂದರೆ, ವಿಂಡೋಸ್ ಇನ್‌ಸ್ಟಾಲರ್ ಎಂಬ ಸರ್ವಿಸ್ ಸೇಫ್ ಮೋಡ್‌ನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಹೀಗಾಗಿ ಅದನ್ನು ಅವಲಂಬಿಸಿದ ಸಾಧಾರಣ ಅನ್‌ಇನ್‌ಸ್ಟಾಲ್ ಅಲ್ಲಿ ದೋಷ ತೋರಿಸಿ ನಿಂತರೆ ಗಾಬರಿಯಾಗಬೇಡಿ. ಅನ್‌ಇನ್‌ಸ್ಟಾಲ್ ಸಾಧಾರಣ ಮೋಡ್‌ನಲ್ಲಿ, ಉಳಿದದ್ದನ್ನು ಬಳಿಯುವ ಸಾಧನ ಸೇಫ್ ಮೋಡ್‌ನಲ್ಲಿ ಎಂದಿಟ್ಟುಕೊಳ್ಳಿ. ರಿಜಿಸ್ಟ್ರಿ ಕ್ಲೀನರ್‌ಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಉತ್ತರ: ಬೇಲೂರಿನಿಂದ

ತೆಗೆದಾಯಿತು ಎಂದು ಪರದೆಯ ಮೇಲೆ ಬಂದ ಮಾತ್ರಕ್ಕೆ ನಂಬಬಾರದು ಎಂಬುದು ನನ್ನ ಅನುಭವ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಲ್‌ಟಿಎಂಸಿ (fltmc) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ, ಫೈಲುಗಳ ಮೇಲೆ ಕಣ್ಣಿಟ್ಟಿರುವ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆ ಆಲ್ಟಿಟ್ಯೂಡ್ ಎಂಬ ಸಂಖ್ಯೆ ಇರುತ್ತದೆ. ಆ್ಯಂಟಿವೈರಸ್‌ಗಳಿಗೆ ಮೀಸಲಾದವು 32ರಿಂದ ಆರಂಭವಾಗುವ ಆರಂಕಿಯ ಸಂಖ್ಯೆಗಳು. ಡಿಫೆಂಡರ್‌ನದು 328010. ಆ ಸಾಲಿನಲ್ಲಿ ಡಿಫೆಂಡರ್ ಒಂದೇ ಇದ್ದರೆ ಹಳೆಯದರ ಫೈಲ್ ಡ್ರೈವರ್ ಹೋಗಿದೆ ಎಂದು ತಿಳಿಯಬಹುದು.

ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಹಳೆಯ ಹೆಸರಿನ ಫಿಲ್ಟರ್ ಉಳಿದಿದ್ದರೆ, ಅದನ್ನು ಆರಿಸಿ ಅಲ್ಲಿಯೇ ಅನ್‌ಇನ್‌ಸ್ಟಾಲ್ ಒತ್ತಬೇಕು. ಎಚ್‌ಟಿಟಿಪಿಎಸ್ ಜಾಲತಾಣಗಳನ್ನು ತಪಾಸಣೆ ಮಾಡಲೆಂದು ಕೆಲವು ಆ್ಯಂಟಿವೈರಸ್‌ಗಳು ತಮ್ಮದೇ ರೂಟ್ ಸರ್ಟಿಫಿಕೇಟ್ ಒಂದನ್ನು ವಿಂಡೋಸ್ ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿಯಲ್ಲಿ ಸೇರಿಸಿರುತ್ತವೆ. ಅದನ್ನೂ ನೋಡಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ನಿಮ್ಮ ಡಿಜಿಟಲ್ ಸಹಿಗೆ ಬೇಕಾದ ಸರ್ಟಿಫಿಕೇಟ್‌ಗಳೂ ಇರುವುದರಿಂದ ಹೆಸರು ಓದದೆ ಅಳಿಸಬೇಡಿ. ಪ್ರತಿ ಹಂತದ ನಂತರವೂ ಶಟ್ ಡೌನ್ ಅಲ್ಲ, ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಿ: ಫಾಸ್ಟ್ ಸ್ಟಾರ್ಟಪ್ ಆನ್ ಇರುವ ಯಂತ್ರದಲ್ಲಿ ಶಟ್ ಡೌನ್ ಮಾಡಿದರೆ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಹಳೆಯ ಡ್ರೈವರ್ ಸಮೇತ ಮೇಲೇಳುತ್ತದೆ.

ಮರುಪ್ರತಿಕ್ರಿಯೆ: ಮೂಡಿಗೆರೆಯ ತೋಟದ ರೈಟರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊಸ ಬ್ಯಾಟರಿ ಹಾಕಿಸಿ ನಿನ್ನೆ ಸಂಜೆ ಕೆಲಸಕ್ಕೆ ಕುಳಿತೆ. ಅದೇ ಆ್ಯಂಟಿವೈರಸ್ ಅನ್ನು ಮೇಲಿನಿಂದ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಕ್ವಾರಂಟೈನ್‌ನ ಪಟ್ಟಿ ಹಾಗೆಯೇ ಇತ್ತು. ಬೋನಸ್ ಫೈಲನ್ನು ಹೊರತೆಗೆದು, ಅದರಲ್ಲಿದ್ದ ಮ್ಯಾಕ್ರೋವನ್ನು ಓಡಗೊಡದೆ, ಅಂಕಿಗಳನ್ನಷ್ಟೇ ಹೊಸ ಹಾಳೆಗೆ ನಕಲಿಸಿಕೊಂಡೆ. ಅನ್‌ಇನ್‌ಸ್ಟಾಲ್ ಈ ಬಾರಿ ಕೊನೆಯವರೆಗೂ ನಡೆಯಿತು. ಸೇಫ್ ಮೋಡ್‌ಗೆ ಹೋಗುವಾಗ ಬಿಟ್‌ಲಾಕರ್ ಕೀ ಕೇಳಿತು. ಸಕಲೇಶಪುರದವರು ಹೇಳದಿದ್ದರೆ ನಾನು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ, ಏಕೆಂದರೆ ಆ ಖಾತೆ ತೋಟದ ಸಾಹುಕಾರರ ಮಗನ ಹೆಸರಿನಲ್ಲಿದ್ದು ಅವರು ಬೆಂಗಳೂರಿನಲ್ಲಿದ್ದಾರೆ. ಮಧ್ಯಾಹ್ನವೇ ಅವರಿಗೆ ಫೋನ್ ಮಾಡಿ ಬರೆದಿಟ್ಟುಕೊಂಡಿದ್ದೆ.

ಫಿಲ್ಟರ್‌ಗಳ ಪಟ್ಟಿಯಲ್ಲಿ ಈಗ 32ರ ಸಾಲಿನಲ್ಲಿ ಡಿಫೆಂಡರ್ ಒಂದೇ ಇದೆ. ಅದು ತಾನಾಗಿಯೇ ಆನ್ ಆಗಿ ರಾತ್ರಿ ಒಮ್ಮೆ ಪೂರ್ತಿ ಸ್ಕ್ಯಾನ್ ಕೂಡ ಮುಗಿಸಿತು. ನೆಟ್‌ವರ್ಕ್ ಫಿಲ್ಟರ್ ಒಂದು ಉಳಿದಿತ್ತು, ಬೇಲೂರಿನವರು ಹೇಳಿದಂತೆ ಅಲ್ಲಿಂದಲೇ ತೆಗೆದೆ. ಇಂದು ಬೆಳಿಗ್ಗೆ ಟೋಕನ್ ಹಾಕಿ ಸಹಿ ಪರೀಕ್ಷಿಸಿದೆ, ಸರಿಯಾಗಿ ಬಂದಿತು. ಬಟವಾಡೆಯ ಪಟ್ಟಿ ಈಗ ಪ್ರಿಂಟ್ ಆಗುತ್ತಿದೆ.