ಸಹಾಯ ಬೇಕು: ಹಳೆಯ ಗಾಲ್ಫ್ ಕಾರ್ಟಿನಲ್ಲಿ ಕಡಿಮೆ ವೇಗವೇ ಸಿಗುತ್ತಿಲ್ಲ
ನನ್ನ 36 ವೋಲ್ಟಿನ ಹಳೆಯ ಗಾಲ್ಫ್ ಕಾರ್ಟ್ ಪೆಡಲನ್ನು ಮೆಲ್ಲಗೆ ಒತ್ತಿದರೆ ಕದಲುವುದಿಲ್ಲ. ಅರ್ಧದಷ್ಟು ಒತ್ತಿದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಹೊಸ ಕಾರ್ಟುಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಬಿಟ್ಟು ತಡೆದು ವೇಗವನ್ನು ನಯವಾಗಿ ಏರಿಸಿದರೆ, ಇದರಲ್ಲಿ ಪೆಡಲ್ ಕೆಳಗಿಳಿದಂತೆ ಸ್ವಿಚ್ಚು ರೆಸಿಸ್ಟರ್ ಸುರುಳಿಗಳನ್ನು (ವಿದ್ಯುತ್ ಹರಿವನ್ನು ತಗ್ಗಿಸುವ ತಂತಿ ಸುರುಳಿಗಳನ್ನು) ಒಂದೊಂದಾಗಿ ದಾಟಿ, ಕೊನೆಯ ಹಂತದಲ್ಲಷ್ಟೇ ಬ್ಯಾಟರಿಯ ಪೂರ್ಣ ವೋಲ್ಟೇಜನ್ನು ಮೋಟಾರಿಗೆ ಕೊಡುತ್ತದೆ.

ಆರೂ ಬ್ಯಾಟರಿಗಳನ್ನು ಪರೀಕ್ಷಿಸಿದ್ದೇನೆ, ಸರಿಯಾಗಿವೆ. ಪೆಡಲ್ ಒತ್ತಿದಾಗ ಬ್ಯಾಟರಿಯನ್ನು ಮೋಟಾರಿನ ಸರ್ಕ್ಯೂಟಿಗೆ ಜೋಡಿಸುವ ಸೊಲೆನಾಯ್ಡ್ ‘ಟಕ್’ ಎನ್ನುತ್ತದೆ. ಸ್ವಿಚ್ಚಿನ ಎರಡು ತಾಮ್ರದ ಬಿಂದುಗಳು ಸುಟ್ಟು ಕಪ್ಪಾಗಿದ್ದವು; ಮರಳು ಕಾಗದದಿಂದ ಉಜ್ಜಿದರೂ ಫಲ ಸಿಗಲಿಲ್ಲ. ಸುರುಳಿ ತುಂಡಾಗಿದ್ದರೂ ಇದೇ ಲಕ್ಷಣ ಕಾಣುವುದರಿಂದ ಗೊಂದಲದಲ್ಲಿದ್ದೇನೆ.

ದೋಷವಿರುವುದು ಸುರುಳಿಯಲ್ಲೋ ಸ್ವಿಚ್ಚಿನಲ್ಲೋ ಎಂಬುದನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಲು, ಬ್ಯಾಟರಿಯ ಸಂಪರ್ಕ ತೆಗೆದ ಮೇಲೆ, ಯಾವ ಯಾವ ಬಿಂದುಗಳ ನಡುವೆ ಅಳೆಯಬೇಕೆಂದು ತಿಳಿದವರು ದಯವಿಟ್ಟು ಹೇಳುವಿರಾ?