ಸಿಡಿತಲೆ ಎಣಿಸಿದ ಹಾಗೆ ಸೈಬರ್ ಅಸ್ತ್ರ ಎಣಿಸೋಕಾಗುತ್ತಾ?

ಪ್ರಶ್ನೆ (ತುಮಕೂರು, ವಸಂತನರಸಾಪುರದಲ್ಲಿ ಪ್ಯಾನೆಲ್ ಕೆಲಸ): ಸರ್, ಅಮೆರಿಕ–ರಷ್ಯಾದ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿಗೆ ಮುಗೀತು. ಹೊಸದು ಮಾಡಿದರೆ ಸೈಬರ್ ಅಸ್ತ್ರಕ್ಕೂ ಇಂತಿಷ್ಟೇ ಅಂತ ಮಿತಿ ಹಾಕಬಹುದಲ್ವಾ?

ಉತ್ತರ: ಆಗಲ್ಲ. ಅಲ್ಲಿ ಮಿತಿ ಇದ್ದದ್ದು ಹಾರಿಸೋಕೆ ಸಜ್ಜಾಗಿ ನಿಯೋಜಿಸಿದ 1,550 ಪರಮಾಣು ಸಿಡಿತಲೆಗೆ (ಕ್ಷಿಪಣಿಯ ತುದಿಯ ಬಾಂಬಿಗೆ). ವರ್ಷಕ್ಕೆ 18ರವರೆಗೆ ಸ್ಥಳ ತಪಾಸಣೆಗೆ ಅವಕಾಶವಿತ್ತು. ಯಾವ ಕ್ಷಿಪಣಿ ಅಂತ ತಪಾಸಣೆಗೆ ಬಂದವರೇ ಆರಿಸ್ತಿದ್ದರು. ಮೂತಿ ತೆಗೆದು, ಹೊದಿಕೆ ಹಾಕಿದ ಸಿಡಿತಲೆ ಎಷ್ಟಿವೆ ಅಂತ ಎಣಿಸ್ತಿದ್ದರು. ವಿನ್ಯಾಸ ಗುಟ್ಟಾಗೇ ಉಳಿಯುತ್ತಿತ್ತು, ಲೆಕ್ಕ ಸಿಗುತ್ತಿತ್ತು. ಸೈಬರ್ ಅಸ್ತ್ರ ಅಂದರೆ ಎದುರಾಳಿಯ ಕಂಪ್ಯೂಟರಿಗೆ ನುಗ್ಗುವ ಕೋಡ್, ಅದು ಹಾಗಲ್ಲ. ತೋರಿಸಿದ ಕೂಡಲೇ ಎದುರಾಳಿ ಅದು ನುಗ್ಗುವ ಕಿಂಡಿ ಮುಚ್ಚುತ್ತಾನೆ, ಅಸ್ತ್ರ ಅಲ್ಲಿಗೆ ಸತ್ತಿತು. ನಕಲು ಮಾಡೋಕೆ ಕಾಸೂ ಖರ್ಚಿಲ್ಲ. ಎಣಿಸೋದು ಏನನ್ನ?

ಪ್ರಶ್ನೆ: ಇಂಟರ್ನೆಟ್ ಇಲ್ಲದ ಕಡೆ ಭಯ ಯಾಕೆ?

ಉತ್ತರ: 2010ರಲ್ಲಿ ಬಯಲಾದ, ಯಂತ್ರ ಕೆಡಿಸುವ ಕಂಪ್ಯೂಟರ್ ಹುಳು ಸ್ಟಕ್ಸ್‌ನೆಟ್ ಪೆನ್‌ಡ್ರೈವ್‌ನಲ್ಲೂ ಹರಡುತ್ತಿತ್ತು. ಗುರಿ ಇರಾನಿನ ನತಾಂಜ್‌ನ ಯುರೇನಿಯಂ ಸಂವರ್ಧನೆ ಘಟಕ. ನಮ್ಮ ಬೋರ್‌ವೆಲ್ ಮೋಟಾರಿಗೆ 50 ಹರ್ಟ್ಸ್; ಅಲ್ಲಿ ಸೆಂಟ್ರಿಫ್ಯೂಜ್ (ಯುರೇನಿಯಂ ಬೇರ್ಪಡಿಸಲು ಗರಗರ ತಿರುಗುವ ಕೊಳವೆ) ಓಡಿಸುವ ಡ್ರೈವ್ 1,064ರ ಆಸುಪಾಸು. ಅದನ್ನು 1,410ಕ್ಕೆ ಏರಿಸಿ, ಮತ್ತೊಮ್ಮೆ 2ಕ್ಕೆ ಇಳಿಸಿ, ಮತ್ತೆ 1,064ಕ್ಕೇ ತಂದು ಬಿಡುತ್ತಿತ್ತು. ಅನುಮಾನ ಬಂದು ಪಿಎಲ್‌ಸಿಯಿಂದ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಿನಿಂದ) ಪ್ರೋಗ್ರಾಂ ಅಪ್‌ಲೋಡ್ ಮಾಡಿ ನೋಡಿದರೂ ಹಳೇ ಬ್ಲಾಕ್‌ಗಳೇ ಕಾಣಬೇಕು; ಅದಕ್ಕೆ ಪಿಎಲ್‌ಸಿ ಪ್ರೋಗ್ರಾಂ ಬರೆಯುವ ತಂತ್ರಾಂಶ ಸ್ಟೆಪ್ 7ರ ಒಂದು ಡಿಎಲ್‌ಎಲ್ ಫೈಲನ್ನೇ ಬದಲಿಸಿತ್ತು. ನಿಮ್ಮ ಕೆಲಸದವರಿಗೆ ಇದು ಎಂಥ ಕುತಂತ್ರ ಅಂತ ಹೇಳಬೇಕಿಲ್ಲ.

ಇದೇ ಕೈಚಳಕ ಕ್ಷಿಪಣಿ ಮುನ್ನೆಚ್ಚರಿಕೆ ಪರದೆಗೆ ತಗುಲಿದರೆ? 1980ರ ಜೂನ್‌ನಲ್ಲಿ ಅಮೆರಿಕದಲ್ಲಿ ಯಾರೂ ನುಗ್ಗಿರಲಿಲ್ಲ, ಒಂದು ಅಗ್ಗದ ಚಿಪ್ ಕೆಟ್ಟಿತ್ತು ಅಷ್ಟೇ. ಸೊನ್ನೆ ಇರಬೇಕಾದ ಕಡೆ 2 ಬಿದ್ದು, ಸೋವಿಯತ್ ಕ್ಷಿಪಣಿಗಳು ಬರುತ್ತಿವೆ ಅಂತ ತೋರಿಸಿತು. ರಾಡಾರ್, ಉಪಗ್ರಹಗಳನ್ನು ಬೇರೆಯಾಗಿ ಕೇಳಿದರು, ಅಲ್ಲೇನೂ ಇರಲಿಲ್ಲ. ಎರಡು ದಾರಿ ಒಂದೇ ನೆಟ್‌ವರ್ಕ್‌ನಲ್ಲಿ ಹಾದು ಬಂದರೆ ಈ ತಾಳೆಗೆ ಬೆಲೆಯಿಲ್ಲ.

ಪ್ರಶ್ನೆ: ಹಾಗಾದ್ರೆ ಒಪ್ಪಂದದಿಂದ ಉಪಯೋಗವೇ ಇಲ್ವಾ ಸರ್?

ಉತ್ತರ: ಇದೆ. ಅಸ್ತ್ರದ ಸಂಖ್ಯೆ ಬಿಟ್ಟು, ಎಲ್ಲಿ ಕೈ ಹಾಕಬಾರದು ಅಂತ ಬರೆಯಬೇಕು. 1988ರ ಭಾರತ–ಪಾಕಿಸ್ತಾನ ಒಪ್ಪಂದ ಆ ಜಾತಿಯದು: ಪ್ರತಿ ಜನವರಿ 1ಕ್ಕೆ ಪರಮಾಣು ಸ್ಥಾವರಗಳ ಪಟ್ಟಿ ಕೊಟ್ಟು ತಗೊಳ್ತಾರೆ, ಅವುಗಳಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಾನಿ ಮಾಡಬಾರದು. ಸೈಬರ್ ಅನ್ನೋ ಪದ ಅದರಲ್ಲಿಲ್ಲ. ‘ಪರೋಕ್ಷ’ದಲ್ಲಿ ಅದೂ ಸೇರುತ್ತೆ ಅಂತ ವಾದಿಸಬಹುದು. 2013ರಲ್ಲಿ ಅಮೆರಿಕ, ರಷ್ಯಾ ತಮ್ಮ ಪರಮಾಣು ಅಪಾಯ ತಗ್ಗಿಸುವ ಕೇಂದ್ರಗಳ ಸಂಪರ್ಕವನ್ನು ಸೈಬರ್ ಘಟನೆಗಳಿಗೂ ಬಳಸೋಕೆ ಒಪ್ಪಿದವು. ತೊಡಕು ಇರೋದು ಇಲ್ಲಿ: ಒಳಗೆ ನುಗ್ಗಿದ ಕೋಡ್ ಬರೀ ಕದ್ದು ನೋಡೋಕೆ ಬಂದಿದೆಯೋ ಕೆಡಿಸೋಕೋ, ಸಿಕ್ಕಿಬಿದ್ದ ಗಳಿಗೆಯಲ್ಲಿ ಹೇಳೋಕಾಗಲ್ಲ. ಆಗ ಮೊದಲು ಫೋನ್ ಎತ್ತಬೇಕು.